ಊಳಿಗದವರ ಕುರ್ಚಿ

ಕನ್ನಡ ಬೈಬಲ್ ಓದುವವರಿಗೆ ‘ಊಳಿಗ’ ಎಂಬ ಮಾತು ಹೊಸದಲ್ಲ. ಸಭೆಯಲ್ಲಿ ಅಯ್ಯನವರು ಮಾಡುವುದು ಊಳಿಗ. ಹಿಂದೆ ಗೌಡರ ಮನೆಯಲ್ಲಿ ಕಸ ಗುಡಿಸಿ ನೀರು ಹೊತ್ತವರು ಮಾಡಿದ್ದೂ ಊಳಿಗವೇ. ಪದ ಒಂದೇ, ಮರ್ಯಾದೆ ಮಾತ್ರ ಬೇರೆ. ನಾನು ಚೆನ್ನೈಗೆ ಬಂದಮೇಲೆ ಕಂಡ ಎಷ್ಟೋ ಕೂಟಗಳಲ್ಲಿ ‘ದೇವರ ಊಳಿಗದವರು’ ಎನಿಸಿಕೊಂಡವರಿಗೆ ವೇದಿಕೆಯ ಮೇಲೆ ಎತ್ತರದ ಕುರ್ಚಿ, ಶಾಲು, ಹಾರ. ಕೂಟ ಮುಗಿದಮೇಲೆ ಹಾರದ ಹೂ ಗುಡಿಸುವ ಅಮ್ಮನಿಗೆ ಯಾರೂ ಆ ಹೆಸರಿಟ್ಟು ಕರೆದದ್ದು ಕೇಳಿಲ್ಲ. ‘ನಮ್ಮೂರ ಸಭೆಯಲ್ಲಿ ಹಾಗಿಲ್ಲ’ ಎಂದು ಮುಂಬಯಿ, ಪುಣೆಯ ಓದುಗರು ಬರೆದರೆ ಸಂತೋಷಪಡುತ್ತೇನೆ.

ಈಗ ಆಫೀಸುಗಳಲ್ಲೂ ‘ಸರ್ವೆಂಟ್ ಲೀಡರ್‌ಶಿಪ್’ ಎಂದು ತರಬೇತಿ ಕೊಡುತ್ತಾರೆ. 1970ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಬರೆದ ಪ್ರಬಂಧದಿಂದ ಆ ಹೆಸರು ಹರಡಿತು. ಸಂಗತಿ ಮಾತ್ರ ಅದಕ್ಕಿಂತ ಬಹಳ ಹಳೆಯದು. ಸಾಯುವ ಹಿಂದಿನ ರಾತ್ರಿ ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ಪೇತ್ರನಿಗೆ ಅದು ಸರಿಬರಲಿಲ್ಲ, ಬೇಡವೆಂದ. ದೊಡ್ಡವರು ಕೆಳಗೆ ಕುಳಿತರೆ ನಮಗೂ ಮುಜುಗರ. ನಾಳೆ ನಾವೂ ಹಾಗೆ ಕೂರಬೇಕಾಗುತ್ತದಲ್ಲ!

ಅದೇ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಡೆದದ್ದನ್ನು ಇದರ ಜೊತೆಗೇ ಓದಬೇಕು. ಈ ಕಷ್ಟ ತಪ್ಪಲಿ ಎಂದೇ ಅವರು ಮೊದಲು ಬೇಡಿಕೊಂಡದ್ದು. ತನ್ನ ಇಷ್ಟವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಆಮೇಲೆ. ಒಪ್ಪಿಸಿದವರು ಅಲ್ಲೇ ಕೂರಲಿಲ್ಲ, ಎದ್ದು ಹೊರಟರು. ನಾವೋ, ‘ದೇವರ ಚಿತ್ತ’ ಎಂದು ಹೇಳುವುದು ಹೆಚ್ಚಾಗಿ ಎದ್ದು ಹೊರಡದಿರುವುದಕ್ಕೆ.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಬರುವವರಿಗೆ ಕಾಟ್ಪಾಡಿ ಗೊತ್ತು. ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದವರು ಅಲ್ಲಿ ಇಳಿಯುತ್ತಾರೆ, ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ. ಅದನ್ನು ಕಟ್ಟಿದ ಐಡಾ ಸ್ಕಡರ್ ಕಥೆ ನಿಮಗೂ ಗೊತ್ತಿರಬಹುದು: ಗಂಡಸು ಡಾಕ್ಟರು ಬೇಡವೆಂದ ಮನೆಗಳಲ್ಲಿ ಒಂದೇ ರಾತ್ರಿ ಮೂವರು ಬಾಣಂತಿಯರು ತೀರಿಕೊಂಡರು, ಮಿಷನರಿ ಆಗಲಾರೆ ಎನ್ನುತ್ತಿದ್ದ ಹುಡುಗಿ ಡಾಕ್ಟರಾಗಿ ಮರಳಿ, 1900ರಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದರು. ನನಗೆ ಹೆಚ್ಚು ಕಾಡುವುದು ಅದೇ ಆಸ್ಪತ್ರೆಯ ಇನ್ನೊಬ್ಬರು, ಡಾ. ಮೇರಿ ವರ್ಗೀಸ್.

ಮೇರಿ ಕೇರಳದ ಕೊಚ್ಚಿ ಕಡೆಯವರು. ಹೆರಿಗೆ ವಿಭಾಗದಲ್ಲಿ ಕೆಲಸ ಕಲಿಯುತ್ತಿದ್ದ ಯುವ ಡಾಕ್ಟರು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಟಿದ್ದ ವಾಹನ ಉರುಳಿತು. ಬೆನ್ನುಹುರಿ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ಆ ಕಾಲದಲ್ಲಿ ಇಂಥವರು ಮನೆಯ ಮೂಲೆಯ ಮಂಚ ಸೇರುತ್ತಿದ್ದರು. ನೋಡಲು ಬಂದವರು ‘ದೇವರ ಚಿತ್ತ, ಏನು ಮಾಡೋದು’ ಎಂದು ಹೋಗುತ್ತಿದ್ದರು.

ಕುಷ್ಠದಿಂದ ಮುದುಡಿದ ಕೈಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಅಲ್ಲಿದ್ದರು. ಕೈಯ ಆಪರೇಷನ್ ಕುಳಿತೇ ಮಾಡಬಹುದು, ನೀನೇಕೆ ಮಾಡಬಾರದು ಎಂದು ಮೇರಿಗೆ ದಾರಿ ತೋರಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಮಾಡಿದರು. ಕಾಲು ಹೋದ ಡಾಕ್ಟರು, ಕೈ ಸೋತ ರೋಗಿ. ಯಾರು ಯಾರಿಗೆ ಅಯ್ಯೋ ಪಾಪ ಅನ್ನಬೇಕು? ಆಮೇಲೆ ಪರ್ತ್‌ನಲ್ಲಿ ತಮ್ಮ ದೇಹವನ್ನು ತಾವೇ ನಿಭಾಯಿಸುವುದನ್ನು ಕಲಿತರು, ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯವನ್ನು ಓದಿ ಬಂದರು. ವೆಲ್ಲೂರಿನಲ್ಲಿ ಆ ವಿಭಾಗಕ್ಕೆ ಮುಖ್ಯಸ್ಥರಾದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವೇ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಪದ್ಮಶ್ರೀಗಿಂತ ನಾನು ಯೋಚಿಸುವುದು ಆ ವಾರ್ಡನ್ನು. ಮರದಿಂದ ಬಿದ್ದು ನಡು ಮುರಿದುಕೊಂಡ ಕೂಲಿಯವನು ‘ಇನ್ನು ನನ್ನಿಂದ ಏನೂ ಆಗಲ್ಲ ಡಾಕ್ಟ್ರೇ’ ಎಂದು ಗೋಡೆ ಕಡೆ ಮುಖ ತಿರುಗಿಸಿದರೆ, ಮಂಚದ ಪಕ್ಕ ಗಾಲಿಕುರ್ಚಿಯಲ್ಲಿ ಕುಳಿತ ಡಾಕ್ಟರಿಗೆ ವಾದ ಬೇಕಿರಲಿಲ್ಲ. ಅಧಿಕಾರ ಎಂದರೆ ನನ್ನ ಮಟ್ಟಿಗೆ ಅದು. ಪಾದಯಾತ್ರೆ ಮಾಡಿಸಿ, ಪೋಸ್ಟರ್ ಅಂಟಿಸಿ ಬರುವಂಥದ್ದಲ್ಲ. ಹಾಗೆಂದು ಅಪಘಾತವನ್ನು ದೇವರೇ ಮಾಡಿಸಿದ ಎಂದು ನಾನು ಒಪ್ಪುವುದಿಲ್ಲ. ಅದು ರಸ್ತೆಯಲ್ಲಿ ಆದದ್ದು. ಆದಮೇಲೆ ಉಳಿದ ಎರಡು ಕೈಗಳನ್ನು ಏನು ಮಾಡುವುದು ಎಂಬಲ್ಲಿ ಚಿತ್ತದ ಪ್ರಶ್ನೆ ಬಂತು. ಮತ್ತು ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮೇರಿ ತಾವೇ, ಅವರ ಪರವಾಗಿ ಬೇರೆಯವರಲ್ಲ. ಇನ್ನೊಬ್ಬರ ನೋವಿಗೆ ನಾವು ‘ದೇವರ ಚಿತ್ತ’ ಎನ್ನುವುದು ಸುಲಭ, ಖರ್ಚೂ ಇಲ್ಲ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಇದೆ. ನಾನು ಹೋಗುವ ಕನ್ನಡ ಆರಾಧನೆಯ ಬಾಗಿಲಿಗೆ ಆರು ಮೆಟ್ಟಿಲು. ಪಾರ್ಶ್ವವಾಯು ಆದಮೇಲೆ ನಮ್ಮ ಹಿರಿಯ ಆಂಟಿಯೊಬ್ಬರು ಗಾಲಿಕುರ್ಚಿಯಲ್ಲೇ ಬರುತ್ತಾರೆ, ಬೇವಿನ ಮರದ ಕೆಳಗೆ ಕುಳಿತು ಸ್ಪೀಕರಿನಲ್ಲಿ ಪ್ರಸಂಗ ಕೇಳಿ ಹೋಗುತ್ತಾರೆ. ಒಳಗೆ ಕೀರ್ತನೆ ಶುರುವಾದರೆ ಹೊರಗಿನಿಂದ ಅವರ ದನಿ ಅರ್ಧ ಸಾಲು ತಡವಾಗಿ ಕೇಳುತ್ತದೆ. ಪಕ್ಕದಲ್ಲಿ ಇಳಿಜಾರು ಕಟ್ಟಿಸೋಣ ಎಂದರೆ ‘ದೇವರ ಚಿತ್ತವಾದರೆ ಮುಂದಿನ ವರ್ಷ’ ಎಂದು ಕಮಿಟಿ ಎರಡು ಸಲ ಬರೆದುಕೊಂಡಿದೆ. ಈ ವರ್ಷ ವೇದಿಕೆಗೆ ಹೊಸ ಕುರ್ಚಿಗಳು ಬಂದಿವೆ. ಮೇಸ್ತ್ರಿಯನ್ನು ಕರೆಸಿ ಅಳತೆ ತೆಗೆಸಿದ್ದೇನೆ, ಚೀಟಿ ನನ್ನ ಬಳಿ ಇದೆ. ಬರುವ ಭಾನುವಾರದ ಮೀಟಿಂಗನ್ನು ಬೇವಿನ ಮರದ ಕೆಳಗೇ ಇಟ್ಟುಕೊಳ್ಳೋಣ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಅವರಿನ್ನೂ ಉತ್ತರ ಕೊಟ್ಟಿಲ್ಲ.