ಒತ್ತಾಯದ ನಿಲುಗಡೆ

ಮೋಟಾರು ಪಂದ್ಯದ ‘ಪಿಟ್ ಸ್ಟಾಪ್’ ಅನ್ನು ಕನ್ನಡದಲ್ಲಿ ‘ತಂಗುದಾಣ’ ಎಂದು ಬರೆದರೆ ಅರ್ಥ ಕೆಡುತ್ತದೆ. ತಂಗುವುದರಲ್ಲಿ ವಿಶ್ರಾಂತಿಯಿದೆ, ಫಾರ್ಮುಲಾ ಒನ್ ಕಾರಿನ ನಿಲುಗಡೆಯಲ್ಲಿ ಅದರ ಸುಳಿವೂ ಇಲ್ಲ. 2023ರ ಕತಾರ್ ಪಂದ್ಯದಲ್ಲಿ ಮೆಕ್ಲಾರೆನ್ ತಂಡವು ಲ್ಯಾಂಡೊ ನಾರಿಸ್ ಅವರ ಕಾರಿನ ನಾಲ್ಕೂ ಟಯರುಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತು. ಆದರೆ ನಿಜವಾದ ನಷ್ಟ ಗಾಲಿ ಬಿಚ್ಚುವುದರಲ್ಲಿಲ್ಲ. ಪಿಟ್ ಓಣಿಯಲ್ಲಿ ವೇಗಕ್ಕೆ ಮಿತಿಯುಂಟು. ಅದನ್ನು ಹಾದು ಮರಳುವಷ್ಟರಲ್ಲಿ ಸುಮಾರು ಇಪ್ಪತ್ತು ಸೆಕೆಂಡು ಕಳೆದು, ಹಿಂದಿದ್ದವರು ಮುಂದಾಗಿರುತ್ತಾರೆ. ಸವೆದ ಟಯರಿನಲ್ಲೇ ಸ್ಥಾನವನ್ನು ಕಾಯಬೇಕೋ, ಸ್ಥಾನವನ್ನು ತೆತ್ತು ಹೊಸ ಟಯರಿನ ವೇಗವನ್ನು ಕೊಳ್ಳಬೇಕೋ ಎಂಬ ಲೆಕ್ಕಾಚಾರದಲ್ಲಿಯೇ ಈ ಆಟದ ಬುದ್ಧಿಯೆಲ್ಲ ಅಡಗಿದೆ.

1998ರ ಹಂಗೇರಿ ಪಂದ್ಯವನ್ನು ನೋಡಬೇಕು. ಪಂದ್ಯದ ನಡುವೆ ಇಂಧನವನ್ನೂ ತುಂಬುತ್ತಿದ್ದ ಕಾಲವದು. ಮುಂದಿನ ಕಾರನ್ನು ದಾಟುವುದೇ ದುಸ್ತರವಾದ ಹಾದಿಯಲ್ಲಿ ಮೆಕ್ಲಾರೆನ್ನಿನ ಹಾಕಿನೆನ್ ಮತ್ತು ಕೂಲ್ಟ್‌ಹಾರ್ಡ್ ಮುಂದಿದ್ದರು. ಫೆರಾರಿಯ ರಾಸ್ ಬ್ರಾನ್ ಎರಡರ ಬದಲು ಮೂರು ನಿಲುಗಡೆಗಳನ್ನು ಆರಿಸಿ, ಕಡಿಮೆ ಇಂಧನದ ಹಗುರ ಕಾರನ್ನು ಶೂಮಾಕರ್ ಕೈಗಿತ್ತು, 19 ಸುತ್ತುಗಳಲ್ಲಿ 25 ಸೆಕೆಂಡು ಗಳಿಸಲು ಹೇಳಿದರು. ನಡುವೆ ಒಮ್ಮೆ ಹಾದಿ ಬಿಟ್ಟು ಹುಲ್ಲಿಗಿಳಿದರೂ ಶೂಮಾಕರ್ ಗೆದ್ದರು. ಹಾಕಿನೆನ್ ಅವರ ಕಾರು ಕೆಟ್ಟದ್ದೂ ನೆರವಾಯಿತೆನ್ನಿ.

ಇದೇ ಲೆಕ್ಕ ತಿರುಗುಬಾಣವಾದದ್ದು 2010ರ ಅಬುಧಾಬಿಯಲ್ಲಿ. ವೆಬ್ಬರ್‌ಗಿಂತ 8, ವೆಟೆಲ್‌ಗಿಂತ 15 ಅಂಕ ಮುಂದಿದ್ದ ಅಲೊನ್ಸೊ ಅವರಿಗೆ ನಾಲ್ಕನೆಯ ಸ್ಥಾನ ಸಾಕಾಗಿತ್ತು. ವೆಬ್ಬರ್ ಟಯರು ಬದಲಿಸಿದ್ದನ್ನು ಕಂಡ ಫೆರಾರಿ ಅಲೊನ್ಸೊ ಅವರನ್ನೂ ಒಳಗೆ ಕರೆಯಿತು. ಹೊರಬಂದಾಗ ಎದುರಿಗಿದ್ದವರು ರೆನೋ ತಂಡದ ಪೆಟ್ರೋವ್; ಪಂದ್ಯ ಮುಗಿಯುವವರೆಗೂ ಅವರನ್ನು ದಾಟಲಾಗಲಿಲ್ಲ. ಅಲೊನ್ಸೊ ಏಳನೆಯವರಾದರು, ವೆಟೆಲ್ ವಿಶ್ವವಿಜೇತರಾದರು. ಒಬ್ಬ ಎದುರಾಳಿಯನ್ನೇ ದಿಟ್ಟಿಸಿ ಇನ್ನೊಬ್ಬನನ್ನು ಮರೆತ ತಪ್ಪು ಅದು. ಆದರೂ ಅದು ಫೆರಾರಿಯದೇ ತಪ್ಪು, ಫೆರಾರಿಯದೇ ಆಯ್ಕೆ.

2025ರಲ್ಲಿ ಮೊನಾಕೊದಲ್ಲಿ ಕಸಿದುಕೊಂಡದ್ದು ಈ ಆಯ್ಕೆಯನ್ನೇ. ಹಿಂದಿನ ವರ್ಷ ಅಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲಿಯೇ ಗುರಿ ಮುಟ್ಟಿದ್ದರು; ಬೇಸರ ಸಹಜವೇ. ಪರಿಹಾರವೆಂದು ಪ್ರತಿಯೊಬ್ಬರೂ ಕನಿಷ್ಠ ಮೂರು ಜೊತೆ ಟಯರು ಬಳಸಬೇಕೆಂದು, ಅಂದರೆ ಎರಡು ಬಾರಿ ನಿಲ್ಲಬೇಕೆಂದು ಕಟ್ಟಳೆ ಬಂತು. ಫಲವೇನು? ರೇಸಿಂಗ್ ಬುಲ್ಸ್ ತಂಡದ ಲಾಸನ್ ಬೇಕೆಂದೇ ನಿಧಾನಿಸಿ ಹಿಂದಿನವರನ್ನು ತಡೆದರು. ಆ ತೆರಪಿನಲ್ಲಿ ಸಂಗಾತಿ ಹಜಾರ್ ಸ್ಥಾನ ಕಳೆಯದೆ ಎರಡೂ ನಿಲುಗಡೆ ಮುಗಿಸಿದರು. ವಿಲಿಯಮ್ಸ್ ತಂಡವೂ ಇದನ್ನೇ ಮಾಡಿತು. ರೋಸಿಹೋದ ಮರ್ಸಿಡಿಸ್‌ನ ರಸೆಲ್, ಸುರಂಗದಾಚೆಯ ತಿರುವನ್ನೇ ಕತ್ತರಿಸಿ ಆಲ್ಬನ್ ಅವರನ್ನು ದಾಟಿ ದಂಡ ತೆತ್ತರು. ಇಷ್ಟೆಲ್ಲ ಆಗಿಯೂ ಮೊದಲ ನಾಲ್ವರು ಹೊರಟ ಕ್ರಮದಲ್ಲಿಯೇ ಮುಗಿಸಿದರು.

ಒಣ ಹಾದಿಯಲ್ಲಿ ಎರಡು ಬಗೆಯ ಟಯರು ಬಳಸಬೇಕೆಂಬ ನಿಯಮ ಮೊದಲೇ ಇತ್ತಲ್ಲ ಎಂಬ ವಾದವುಂಟು. ಇತ್ತು, ಆದರೆ ಒಂದು ನಿಲುಗಡೆಯ ಕಡ್ಡಾಯದಲ್ಲಿ ಎರಡನೆಯದರ ಸಾಹಸಕ್ಕೆ ಎಡೆಯಿತ್ತು. ಎಲ್ಲರೂ ತೆರಲೇಬೇಕಾದ ಬೆಲೆಯನ್ನು ತೆತ್ತವನಿಗೆ ವಿಶೇಷ ಲಾಭವೇನೂ ಇಲ್ಲ. ಅಂಥಲ್ಲಿ ಜಾಣತನವೆಲ್ಲ ನಷ್ಟವನ್ನು ಬಚ್ಚಿಡುವುದಕ್ಕೇ ಖರ್ಚಾಗುತ್ತದೆ. ಮೊನಾಕೊದ ರೋಗ ನಿಲುಗಡೆಗಳ ಸಂಖ್ಯೆಯಲ್ಲಿಲ್ಲ, 3.337 ಕಿಲೋಮೀಟರಿನ ಆ ಇಕ್ಕಟ್ಟು ಬೀದಿಗಳಲ್ಲಿ ಎರಡು ಮೀಟರು ಅಗಲದ ಕಾರುಗಳನ್ನು ಓಡಿಸಿದ್ದರಲ್ಲಿದೆ. 2026ರ ನಿಯಮಗಳು ಆ ಅಗಲದಿಂದ ಹತ್ತು ಸೆಂಟಿಮೀಟರು ಕಡಿಮೆ ಮಾಡಿವೆ. ಕತ್ತರಿ ಇನ್ನಷ್ಟು ಆಡಬೇಕಾದದ್ದು ಅಲ್ಲಿಯೇ.