ಗಾಜಿನ ಮೇಲಿನ ಕಲೆ, ಮಾನಕದೊಳಗಿನ ಷರತ್ತು

1939ರಲ್ಲಿ ಹೆಂಡದ ವಿರುದ್ಧ ಈಚಲುಮರಗಳಿಗೆ ಕೊಡಲಿಯೆತ್ತಿ ಸತ್ಯಾಗ್ರಹ ನಡೆಸಿದ ಊರು ಚಿತ್ರದುರ್ಗ ತಾಲ್ಲೂಕಿನ ತುರುವನೂರು. ಆ ಸೀಮೆಯ ಮನೆಗಳಿಗೆ ಇಂದು ಬೇರೊಂದು ಬಾಟಲಿ ನುಗ್ಗಿದೆ. ಕೊಳವೆಬಾವಿಯ ಗಡಸು ನೀರು ಲೋಟ, ಕನ್ನಡಿ, ಕಿಟಕಿಗಾಜುಗಳ ಮೇಲೆ ಬಿಟ್ಟುಹೋಗುವ ಬಿಳಿಯ ಕಲೆಯನ್ನು ತೊಡೆಯಲೆಂದು ಮಾರುವ ಆಸಿಡ್ ಬಾಟಲಿ ಅದು.

ಕಲೆಯನ್ನು ಗೃಹಿಣಿಯ ಸೋಮಾರಿತನದ ಗುರುತೆಂಬಂತೆ ತೋರಿಸುವ ಜಾಹೀರಾತು ಶುದ್ಧ ವಂಚನೆ. ಅದು ಕೊಳೆಯಲ್ಲ, ಸುಣ್ಣ. ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ, ಬಂಡೆಯ ಸಂದುಗಳಲ್ಲಿ ಇಳಿಯುತ್ತ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಗಾಜಿನ ಮೇಲೆ ಹನಿ ಆರಿದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ.

ಅದಕ್ಕೆ ಹುಳಿ ಸಾಕು. ಹುಣಸೆಮರವಿಲ್ಲದ ಊರು ಬಯಲುಸೀಮೆಯಲ್ಲಿ ಎಲ್ಲಿದೆ? ಹುಣಸೆರಸವನ್ನೋ ನಿಂಬೆಹೋಳನ್ನೋ ಸವರಿ, ಕಾಲು ಗಂಟೆ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಉಜ್ಜಿ ತೊಳೆದು, ಒಡನೆಯೇ ಒಣಬಟ್ಟೆಯಿಂದ ಒರೆಸಬೇಕು. ಹನಿ ಆರಲು ಬಿಟ್ಟರೆ ಮತ್ತದೇ ಕಲೆ. ವರ್ಷಗಟ್ಟಲೆ ಬಿಟ್ಟರೆ ಗಾಜೇ ಮಂಕಾದೀತು. ಆಗ ಯಾವ ಬಾಟಲಿಯೂ ಅದರ ಹೊಳಪನ್ನು ಮರಳಿಸದು. ಆಸಿಡ್ ಮಾಡುವುದೂ ಸುಣ್ಣ ಕರಗಿಸುವ ಇದೇ ಕೆಲಸವನ್ನು. ಆದರೆ ಅದಕ್ಕೆ ಕೈ, ಕಣ್ಣು, ಶ್ವಾಸಕೋಶಗಳನ್ನು ಒತ್ತೆಯಿಡಬೇಕು. ಬ್ಲೀಚಿಂಗ್ ಪುಡಿಯೊಡನೆ ಬೆರೆತರಂತೂ ಕ್ಲೋರಿನ್ ವಿಷಾನಿಲ ಏಳುತ್ತದೆ.

ಗಾಜಿನ ಕಲೆಯಾದರೋ ಕಣ್ಣಿಗೆ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿರುವ ಫ್ಲೋರೈಡ್ ಲೋಟದ ಮೇಲಲ್ಲ, ಮಕ್ಕಳ ಹಲ್ಲಿನ ಮೇಲೆ ಕಲೆ ಬಿಡುತ್ತದೆ. ನೀರನ್ನು ಕುದಿಸಿದರೂ ಅದು ಹೋಗದು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನ, 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮತ್ತು 1.5ರವರೆಗೆ ಸಹಿಸುತ್ತದೆ. ‘ಬೇರೆ ಮೂಲವಿಲ್ಲದಿದ್ದಲ್ಲಿ’ – ಎಷ್ಟು ಸಾಧುವಾದ ಷರತ್ತು! ಬೇರೆ ಮೂಲ ಇಲ್ಲವಾದದ್ದು ಹೇಗೆ? ಕೆರೆಗೆ ಹೂಳು ತುಂಬುವಾಗ, ಕೆರೆಗೆ ನೀರು ತರುವ ಹಳ್ಳ ಒತ್ತುವರಿಯಾಗುವಾಗ ಸುಮ್ಮನಿದ್ದವರೇ ನಂತರ ಶುದ್ಧ ನೀರಿನ ಘಟಕದ ರಿಬ್ಬನ್ ಕತ್ತರಿಸಿದರು. ಆ ಘಟಕ ಬೇರ್ಪಡಿಸಿದ ಲವಣದ ನೀರು ಚರಂಡಿಗೆ ಹರಿದು, ಅದೇ ನೆಲಕ್ಕೆ ಇಂಗುತ್ತದೆ. ಸುಣ್ಣವಾಗಲೀ ಫ್ಲೋರೈಡಾಗಲೀ ಇಲ್ಲದ ಮಳೆನೀರು ಮಾತ್ರ, ಬಿದ್ದಷ್ಟೂ, ಸೂರಿನಿಂದ ಬೀದಿಗೆ ಹೋಗುತ್ತಿದೆ.

ಇದು ಬಯಲುಸೀಮೆಯವರ ಪಾಡೆಂದು ಮಲೆನಾಡಿಗರು ನಿಶ್ಚಿಂತರಾಗಿರುವಂತಿಲ್ಲ. ಕೊಳವೆಬಾವಿ ಕೊರೆಯುವ ಲಾರಿಗಳು ಅಡಿಕೆ ತೋಟಗಳಿಗೂ ಹತ್ತಿವೆ. ಅಲ್ಲಿನ ಗಾಜಿನ ಲೋಟಗಳನ್ನೂ ಈಗಿನಿಂದಲೇ ಬೆಳಕಿಗೆ ಹಿಡಿದು ನೋಡುತ್ತಿರಬೇಕು.