ಮಗಳಿಗೆ ಮಾತು ಕೊಳ್ಳುವ ಮುನ್ನ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ನಾನು ಎರಡೆರಡು ಬಾರಿ ಓದಿದೆ. ಬರೆದ ತಾಯಿ ಬಾದಾಮಿ ತಾಲ್ಲೂಕಿನವರು. "ಹೆಸರು, ಊರು ಹಾಕಬ್ಯಾಡ್ರಿ ಅಕ್ಕಾರ, ಶಿವಯೋಗ ಮಂದಿರದ ಹತ್ತಿರದಾಕಿ ಅಂತ ಬರೀರಿ, ಸಾಕು" ಎಂದಿದ್ದಾರೆ. ಹಾಗೆಯೇ ಆಗಲಿ.

ಅವರ ಮಗಳಿಗೆ ಹದಿನೈದು ವರ್ಷ. ಕಾಯಿಲೆಯಿಂದಾಗಿ ಎರಡು ವರ್ಷದ ಹಿಂದೆ ಶಾಲೆ ತಪ್ಪಿತು. ಈಗ ಮನೆಯಲ್ಲೇ ಓದು, ತಾಯಿಯೇ ಮಾಸ್ತರರು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸುವ ಆಲೋಚನೆ ಇದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೋಡಲು ಪಟ್ಟಣದ ನೆಂಟರು ಬಂದರು. ಹುಡುಗಿ ಏನೋ ಹೇಳಹೋದಳು. ಅವಳದೇ ವಯಸ್ಸಿನ ಹುಡುಗ ಅವಳ ಮಾತನ್ನು ಅಣಕಿಸಿ ನಕ್ಕ. ಅಂದಿನಿಂದ ಮನೆಗೆ ಯಾರಾದರೂ ಬಂದರೆ ಆಕೆ ಒಳಕೋಣೆ ಸೇರುತ್ತಾಳಂತೆ.

ಇದನ್ನು ನೋಡಲಾರದೆ ತಂದೆ ಒಬ್ಬ ಮಾರಾಟಗಾರನನ್ನು ಮನೆಗೆ ಕರೆತಂದಿದ್ದಾರೆ. ಮೊಬೈಲಿನಲ್ಲಿ ಪಾಠ, ಜೊತೆಗೆ ಒಂದು ಪೆಟ್ಟಿಗೆ ತುಂಬ ಚೀಟಿಗಳು. ವರ್ಷಕ್ಕೆ ಐದು ಸಾವಿರ ಶಬ್ದ ಕಲಿಸುತ್ತೇವೆ, ಎಂಟು ಸಾವಿರ ರೂಪಾಯಿ ಕೊಡಿ ಎಂದಿದ್ದಾನೆ. "ಕಡಲಿ ಮಾರಿದ ರೊಕ್ಕ ಐತಿ. ಕೊಡಬೇಕೋ ಬ್ಯಾಡೋ ಹೇಳ್ರಿ" ಅಂತ ಈ ತಾಯಿ ಕೇಳುತ್ತಾರೆ.

ತಂಗೀ, ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಮೊದಲು ಲೆಕ್ಕ ಹಾಕೋಣ. ವರ್ಷಕ್ಕೆ ಐದು ಸಾವಿರ ಎಂದರೆ ದಿನಕ್ಕೆ ಹದಿಮೂರಕ್ಕೂ ಹೆಚ್ಚು ಹೊಸ ಶಬ್ದ. ಹಬ್ಬವಿಲ್ಲ, ಜ್ವರವಿಲ್ಲ, ರಜೆಯಿಲ್ಲ. ಹೀಗೆ ನುಂಗಿದ್ದು ಮೈಗೆ ಹತ್ತುವುದಿಲ್ಲ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಮಗನಿಗೆ ಹದಿಮೂರಾಗಿದ್ದಾಗ ನಾನೂ ದಿನಕ್ಕೆ ಇಪ್ಪತ್ತು ಶಬ್ದ ಬಾಯಿಪಾಠ ಮಾಡಿಸುತ್ತಿದ್ದೆ. ಗಿಳಿಯಂತೆ ಒಪ್ಪಿಸುತ್ತಿದ್ದ. ಒಮ್ಮೆ ನಮ್ಮ ಮಾವನವರಿಗೆ ಜ್ವರ ಬಂದು ಇಳಿದಿತ್ತು. ಹುಡುಗ ಸೋದರಮಾವನಿಗೆ ಕಾಗದ ಬರೆದ: "ಅಜ್ಜ ಈಗ ಚಿರವಿಶ್ರಾಂತಿಯಲ್ಲಿದ್ದಾರೆ." ನನ್ನ ತಮ್ಮ ಗಾಬರಿಯಿಂದ ರಾತ್ರಿ ಬಸ್ಸು ಹಿಡಿದು ಬಂದ. ಬಾಗಿಲಲ್ಲಿ ಮಾವನವರೇ ಕಾಫಿ ಕುಡಿಯುತ್ತ ಕೂತಿದ್ದರು! 'ಚಿರ' ಎಂದರೆ ಬಹಳ ಕಾಲ, 'ವಿಶ್ರಾಂತಿ' ಎಂದರೆ ದಣಿವಾರಿಸಿಕೊಳ್ಳುವುದು. ಅರ್ಥ ಎರಡೂ ಸರಿಯೇ. ಅವೆರಡು ಕೂಡಿದಾಗ ಜನ ಅದನ್ನು ಎಲ್ಲಿ ಬಳಸುತ್ತಾರೆ ಎಂಬುದನ್ನು ನಾನು ಕಲಿಸಿರಲಿಲ್ಲ. ತಪ್ಪು ನನ್ನದು.

ಆದ್ದರಿಂದ ಯಾವುದೇ ಪುಸ್ತಕ, ಪೆಟ್ಟಿಗೆ, ಪಾಠ ಕೊಳ್ಳುವ ಮುಂಚೆ ಈ ನಾಲ್ಕನ್ನು ನೋಡಿ.

ಒಂದು: ಶಬ್ದದ ಜೊತೆಗೆ ವಾಕ್ಯ ಇದೆಯೇ? ಬರೀ ಅರ್ಥ ಕೊಟ್ಟರೆ ಸಾಲದು. ಎರಡು ಮೂರು ಬೇರೆ ಬೇರೆ ವಾಕ್ಯಗಳಲ್ಲಿ ಆ ಶಬ್ದ ಬರಬೇಕು.

ಎರಡು: ಶಬ್ದಗಳನ್ನು ಬಳಗ ಬಳಗವಾಗಿ ಕೊಟ್ಟಿದ್ದಾರೆಯೇ? ಅಕಾರಾದಿ ಹುಡುಕುವುದಕ್ಕೆ ಅನುಕೂಲ, ಕಲಿಯುವುದಕ್ಕಲ್ಲ. ಹಿಂದೆ ಸಂಸ್ಕೃತ ಪಾಠಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಅಮರಕೋಶದಲ್ಲಿ ಸುಮಾರು 1500 ಶ್ಲೋಕಗಳಿವೆ. ಅಲ್ಲಿ ಗಿಡಮೂಲಿಕೆಗೆ ಒಂದು ವರ್ಗ, ಪ್ರಾಣಿಗಳಿಗೆ ಒಂದು ವರ್ಗ, ಮನುಷ್ಯರಿಗೆ ಒಂದು ವರ್ಗ. ಒಂದು ಶಬ್ದ ನೆನಪಾದರೆ ಅದರ ಬಂಧುಗಳೂ ಕೈಹಿಡಿದು ಬರುತ್ತವೆ. ಹಾಗೆಯೇ ಒಂದೇ ಬೇರಿನ ಶಬ್ದಗಳು: ಪ್ರವಾಹ, ನಿರ್ವಾಹ, ವಾಹನ, ಸಂವಹನ. 'ನೇಯ್' ಎಂಬುದೊಂದು ತಿಳಿದರೆ ನೇಯ್ಗೆಯೂ ನೇಕಾರನೂ ತಾವೇ ತಿಳಿಯುತ್ತಾರೆ.

ಮೂರು: ಕಲಿತದ್ದು ಮತ್ತೆ ಮತ್ತೆ ಬರುತ್ತದೆಯೇ? ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಸಂಗತಿ ಇದು: ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಹಾಗಾಗಿ ಅಂದು ರಾತ್ರಿ ಒಮ್ಮೆ, ಮರುದಿನ ಒಮ್ಮೆ, ನಾಲ್ಕನೆಯ ದಿನ, ವಾರದ ಮೇಲೆ, ತಿಂಗಳ ಮೇಲೆ ಕೇಳಬೇಕು. ಪುಸ್ತಕ ಮುಚ್ಚಿ ಕೇಳಬೇಕು. ಸುಮ್ಮನೆ ಕಣ್ಣಾಡಿಸಿದರೆ ಬಂತು ಎಂಬ ಭ್ರಮೆಯಾಗುತ್ತದೆ.

ನಾಲ್ಕು: ಹುಡುಗಿ ಬಾಯಿ ತೆರೆಯಬೇಕೇ, ಇಲ್ಲ ಗುಂಡಿ ಒತ್ತಿದರೆ ಸಾಕೇ? ನಿಮ್ಮ ಪಕ್ಕದ ಶಿವಯೋಗ ಮಂದಿರವನ್ನೇ ನೋಡಿ. ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ್ದು. ಅಲ್ಲಿ ವಟುಗಳು ಗುರುಗಳ ಎದುರಿಗೆ ಕೂತು, ಬಾಯಿಬಿಟ್ಟು ಹೇಳಿ, ತಪ್ಪಿದರೆ ತಿದ್ದಿಸಿಕೊಂಡು ಕಲಿಯುವ ಪರಂಪರೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳ ಸಂಗೀತ ಶಿಕ್ಷಣಕ್ಕೆ ಆಸರೆಯಾದವರೂ ಅದೇ ಕುಮಾರಸ್ವಾಮಿಗಳು. ಕಿವಿ ಮತ್ತು ನಾಲಿಗೆಯಿಂದ ಎಷ್ಟು ವಿದ್ಯೆ ಬಂದೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಾರಾಟಗಾರನನ್ನು ಒಂದು ವಾರದ ಪಾಠ ಪುಕ್ಕಟೆ ಕೊಡು ಎಂದು ಕೇಳಿ. ಹದಿನೈದು ದಿನ ಕಳೆದ ಮೇಲೆ ಮಗಳು ಆ ಶಬ್ದಗಳಲ್ಲಿ ಹತ್ತನ್ನಾದರೂ ತನ್ನ ಸ್ವಂತ ವಾಕ್ಯದಲ್ಲಿ ಹೇಳಿದರೆ ಮುಂದಿನ ಮಾತು. ಮಾದರಿ ಕೊಡಲು ಒಪ್ಪದಿದ್ದರೆ ಚಹ ಕೊಟ್ಟು ಕಳಿಸಿ.

ಇನ್ನು ಇಂಗ್ಲಿಷಿನ ವಿಚಾರ. ಹೆದರಬೇಡಿ. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ದಿನಬಳಕೆಗೆ ತೀರ ಬೇಕಾದ ಸುಮಾರು 2000 ಇಂಗ್ಲಿಷ್ ಶಬ್ದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಮೊದಲು ಅಂಥ ಬಳಕೆಯ ಶಬ್ದಗಳು ಗಟ್ಟಿಯಾಗಲಿ. ಅಂಗಡಿಯಲ್ಲಿ ಎಲ್ಲರೂ ತೋರಿಸುವ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' 1949ರ ಪುಸ್ತಕ. ಬೇರು ಹಿಡಿದು ಕಲಿಸುವ ಕ್ರಮ ಒಳ್ಳೆಯದೇ. ಆದರೆ ಅದು ಇಂಗ್ಲಿಷನ್ನು ಸರಾಗವಾಗಿ ಓದಬಲ್ಲವರಿಗೆ. ಎರಡು ವರ್ಷ ಕಾಯಲಿ.

ಕನ್ನಡಕ್ಕೆ ಒಂದು ನಿಘಂಟು ಮನೆಯಲ್ಲಿರಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮನೆಗೆ ಅವರದೇ ಸಂಕ್ಷಿಪ್ತ ನಿಘಂಟು ಸಾಕು. ಮೊಬೈಲು ಹೇಗೂ ಇದೆಯಲ್ಲ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಕಟ್ಟಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಒಂದೂವರೆ ಲಕ್ಷ ಶಬ್ದಗಳಿವೆ. ಎಂಟು ಸಾವಿರ ಕೊಡುವ ಮೊದಲು ಇದನ್ನು ತೆರೆದು ನೋಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಮಗಳಿಗೆ ಶಬ್ದ ಕಡಿಮೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಆಕೆಗೆ ಅವಮಾನವಾಗಿದೆ. ಅದಕ್ಕೆ ಪೆಟ್ಟಿಗೆಯಲ್ಲಿ ಔಷಧವಿಲ್ಲ.

2019ರಲ್ಲಿ ಮಲಪ್ರಭೆ ಉಕ್ಕಿದ್ದು ಆಕೆಗೆ ನೆನಪಿರಬೇಕು. ಅಂದು ಮನೆಯಲ್ಲಿ ನೀವು "ಹೊಳಿ ಬಂತು" ಅಂದಿರುತ್ತೀರಿ. ಪತ್ರಿಕೆಯವರು 'ನೆರೆ' ಎಂದು ಬರೆದರು. ಪಾಠಪುಸ್ತಕದಲ್ಲಿ 'ಪ್ರವಾಹ'. ಕಚೇರಿಯ ಅರ್ಜಿಯಲ್ಲಿ 'ಸಂತ್ರಸ್ತ'. ಇವುಗಳಲ್ಲಿ ಯಾವುದು ತಪ್ಪು? ಒಂದೂ ಅಲ್ಲ. ಮನೆಯಲ್ಲಿ ಒಂದು, ಪರೀಕ್ಷೆಯಲ್ಲಿ ಒಂದು, ಕಚೇರಿಯಲ್ಲಿ ಒಂದು. ಅಣಕಿಸಿದ ಹುಡುಗನಿಗೆ ಬಹುಶಃ ಒಂದೇ ಗೊತ್ತು. ನಿಮ್ಮ ಮಗಳು ನಾಲ್ಕನ್ನೂ ಕಲಿಯಬಲ್ಲಳು.

ಒಂದು ನೂರು ಪುಟದ ನೋಟುಬುಕ್ಕು ತನ್ನಿ. ಪುಟಕ್ಕೆ ಮೂರು ಕಾಲಂ ಹಾಕಿ: ಮನೆಯ ಮಾತು, ಪುಸ್ತಕದ ಮಾತು, ಇಂಗ್ಲಿಷ್. ದಿನಕ್ಕೆ ಐದೇ ಶಬ್ದ. ಒಂದು ವಾರ ಹೊಲದ್ದು: ಕೂರಿಗೆ, ಕುಂಟೆ, ಕಣ, ರಾಶಿ, ಹಗೇವು. ಇನ್ನೊಂದು ವಾರ ಇಳಕಲ್ ಸೀರೆಯದು: ದಡಿ, ಸೆರಗು, ಟೋಪ ತೆನಿ; ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಕೂಡಿಸುವ 'ಕೊಂಡಿ'. ಮತ್ತೊಂದು ವಾರ ಕಸೂತಿಯದು: ಗವಂತಿ, ಮುರಗಿ, ನೇಗಿ, ಮೆಂತ್ಯ. ಕೆಲವಕ್ಕೆ ಮೂರನೆಯ ಕಾಲಂ ಖಾಲಿ ಉಳಿಯುತ್ತದೆ. ಉಳಿಯಲಿ. ಆ ಖಾಲಿ ಜಾಗವೇ ಆಕೆಗೆ ತನ್ನ ಮನೆಯ ಮಾತಿನ ಬೆಲೆ ತಿಳಿಸುತ್ತದೆ.

ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಆ ಜರ್ಮನ್ ಪಾದ್ರಿ ಬರೀ ಗ್ರಂಥಗಳಿಂದ ಅವನ್ನು ಹೆಕ್ಕಲಿಲ್ಲ. ಜನರ ಬಾಯಿಂದ ಬಂದ ಮಾತು, ಗಾದೆಗಳನ್ನೂ ಬರೆದುಕೊಂಡರು. ಅವರು ಬಾಳಿದ್ದೂ ದುಡಿದದ್ದೂ ಹೆಚ್ಚಾಗಿ ಹುಬ್ಬಳ್ಳಿ, ಧಾರವಾಡ, ಮಂಗಳೂರುಗಳಲ್ಲಿ. ಮಗಳಿಗೆ ಇದನ್ನು ಹೇಳಿ.

ಸಂಜೆ ರೊಟ್ಟಿ ಬಡಿಯುವಾಗ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಿಕೆಯ ಒಂದು ಸುದ್ದಿ ಗಟ್ಟಿಯಾಗಿ ಓದಿಸಿ. ಆಮೇಲೆ ಅದನ್ನೇ ತನ್ನ ಮಾತಿನಲ್ಲಿ ಹೇಳಲಿ. ನಡುವೆ ತಿದ್ದಬೇಡಿ, ಮುಗಿದ ಮೇಲೆ ಒಂದೇ ತಪ್ಪು ತಿದ್ದಿ. ವಾರಕ್ಕೊಮ್ಮೆ ಅಜ್ಜಿಗೋ ಅತ್ತೆಗೋ ಒಂದು ಕಾಗದ ಬರೆಯಲಿ. ತಂದೆಯವರಿಗೂ ಒಂದು ಕೆಲಸವಿದೆ: ಮುಂದಿನ ಸಲ ನೆಂಟರು ಬಂದಾಗ ಯಾರಾದರೂ ನಕ್ಕರೆ, ಸುಮ್ಮನಿರದೆ, "ಆಕಿ ಹೇಳೋದು ಪೂರಾ ಕೇಳ್ರಿ" ಅನ್ನಬೇಕು. ಅಷ್ಟೇ ಸಾಕು.

ಆರು ತಿಂಗಳು ಹೀಗೆ ಮಾಡಿ, ಆಗಲೂ ಬೇಕೆನಿಸಿದರೆ ಆ ಪಾಠ ಕೊಳ್ಳಿ. ಕಡಲೆಯ ದುಡ್ಡಿನಲ್ಲಿ ಸದ್ಯ ನಿಘಂಟು, ನೋಟುಬುಕ್ಕು, ಪರೀಕ್ಷೆಯ ಶುಲ್ಕ ಕಳೆದು ಉಳಿದದ್ದು ಅವಳ ಹೆಸರಿನಲ್ಲೇ ಇರಲಿ.

ಮುಂದಿನ ಕಾಗದವನ್ನು ಮಾತ್ರ ನೀವು ಬರೆಯಬೇಡಿ, ತಂಗೀ. ಮಗಳ ಕೈಲಿ ಬರೆಸಿ. ಅವಳ ಮನೆ ಮಾತಿನಲ್ಲೇ ಇರಲಿ, ನಾನು ಓದಬಲ್ಲೆ.

ನಿಮ್ಮ ಅಕ್ಕ